ಗಣಕಯಂತ್ರದ ಕೈಕಾಲು

ಮೊನ್ನೆ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಒಂದು ಪ್ರಶ್ನೆ ಕೇಳಿದರು. "ಮಾಸ್ತರರೇ, ಕಂಪ್ಯೂಟರು ಅಂದರೆ ಲೆಕ್ಕ ಮಾಡುವ ಯಂತ್ರ ಅಂತ ತಿಳಿದಿದ್ದೆ. ಕೃಷ್ಣೆಯ ಆಚೆ ದಂಡೆಯ ಕಾಲುವೆಯಲ್ಲಿ ಈಗ ಅದೇ ಗೇಟು ಎತ್ತಿ ಇಳಿಸುತ್ತದಂತೆ. ಲೆಕ್ಕ ಮಾಡುವುದಕ್ಕೆ ಕೈ ಎಲ್ಲಿಂದ ಬಂತು?"

ಪ್ರಶ್ನೆ ಸೊಗಸಾಗಿತ್ತು. ಬಸ್ಸು ಮಸ್ಕಿ ಮುಟ್ಟುವವರೆಗೆ ನನಗೆ ತಿಳಿದಷ್ಟನ್ನು ಹೇಳಿದೆ. ಅವರು ಅಲ್ಲಿ ಇಳಿದುಹೋದರು. ಮಾತು ಅರ್ಧಕ್ಕೆ ನಿಂತಿತು. ಉಳಿದರ್ಧವನ್ನು ಇಂದು ನಿಮ್ಮ ಮುಂದೆ ಹೇಳೋಣವೆಂದು ಬಂದಿದ್ದೇನೆ. ನಾನು ಕನ್ನಡ ಪಂಡಿತ, ವಿಜ್ಞಾನದ ಉಪಾಧ್ಯಾಯನಲ್ಲ. ಆದುದರಿಂದ ನನ್ನ ವಿವರಣೆಯಲ್ಲಿ ವ್ಯಾಕರಣ, ಛಂದಸ್ಸುಗಳ ವಾಸನೆ ಬಂದರೆ ನೀವು ಮನ್ನಿಸಬೇಕು.

ನಮ್ಮ ಹಿರಿಯರು ದೇಹದ ವ್ಯವಹಾರವನ್ನು ಮೂರಾಗಿ ವಿಂಗಡಿಸಿದ್ದರು. ಕಣ್ಣು, ಕಿವಿ ಮೊದಲಾದವು ಜ್ಞಾನೇಂದ್ರಿಯಗಳು. ಕೈ, ಕಾಲು ಮೊದಲಾದವು ಕರ್ಮೇಂದ್ರಿಯಗಳು. ಇವೆರಡರ ನಡುವೆ ಕುಳಿತು ಸುದ್ದಿ ಕೇಳಿ ಅಪ್ಪಣೆ ಕೊಡುವುದು ಮನಸ್ಸು. ಗಣಕಯಂತ್ರವೆಂಬುದು ಈ ನಡುವಣ ವಸ್ತು ಮಾತ್ರ. ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಅದು ಕಣ್ಣಿಲ್ಲದ, ಕೈಯಿಲ್ಲದ ಮನಸ್ಸು. ಹೊರಗಿನಿಂದ ಕಣ್ಣನ್ನೂ ಕೈಯನ್ನೂ ತಂತಿ ಹಾಕಿ ಜೋಡಿಸಬೇಕು. ಜೋಡಿಸುವ ಬಗೆ ಹೇಗೆ ಎಂಬುದೇ ನಮ್ಮ ಇಂದಿನ ವಿಷಯ.

ಮೊದಲು ಅಪ್ಪಣೆಯ ಭಾಷೆಯನ್ನು ನೋಡೋಣ. ಗಣಕಕ್ಕೆ ಬರುವ ಅಕ್ಷರಗಳು ಎರಡೇ. ತಂತಿಯಲ್ಲಿ ವಿದ್ಯುತ್ತಿನ ಒತ್ತಡ ಉಂಟು, ಅಥವಾ ಇಲ್ಲ. ಎರಡಕ್ಷರದಲ್ಲಿ ಏನು ಹೇಳಲು ಸಾಧ್ಯ ಎಂದು ನೀವು ಕೇಳಬಹುದು. ಛಂದಸ್ಸು ಓದಿದವರಿಗೆ ಈ ಸಂಶಯ ಬರಬಾರದು. ನಮಗೂ ಅಲ್ಲಿ ಇರುವುದು ಎರಡೇ: ಲಘು ಮತ್ತು ಗುರು. ಮೂರು ಮೂರು ಅಕ್ಷರಗಳನ್ನು ಜೋಡಿಸಿದರೆ ಯಗಣ, ಮಗಣ, ತಗಣ ಎಂದು ಮೊದಲಾಗಿ ಎಂಟು ಗಣಗಳಾಗುತ್ತವೆ. 'ಯಮಾತಾರಾಜಭಾನಸಲಗಂ' ಎಂದು ಹುಡುಗರಿಗೆ ಬಾಯಿಪಾಠ ಮಾಡಿಸುತ್ತೇವೆ. ಎಂಟಕ್ಕಿಂತ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ನಾಲ್ಕು ಅಕ್ಷರ ತೆಗೆದುಕೊಂಡರೆ ೧೬, ಎಂಟು ತೆಗೆದುಕೊಂಡರೆ ೨೫೬. ಇದನ್ನು ಕ್ರಮವಾಗಿ ಬರೆದು ಹರಡುವುದಕ್ಕೆ ಪ್ರಸ್ತಾರವೆಂದು ಹೆಸರು. ಗಣಕದಿಂದ ಎಂಟು ತಂತಿ ಹೊರಗೆ ಎಳೆದು ಒಂದೊಂದರಲ್ಲಿ ಲಘುವನ್ನೋ ಗುರುವನ್ನೋ ಇಟ್ಟರೆ, ಒಂದೇ ಗಳಿಗೆಯಲ್ಲಿ ೨೫೬ ಬಗೆಯ ಅಪ್ಪಣೆಗಳಲ್ಲಿ ಯಾವುದಾದರೊಂದನ್ನು ಕೊಡಬಹುದು.

ಹಿಂದೆ ಮುದ್ರಣಯಂತ್ರಗಳಿಗೆ ಹೀಗೆಯೇ ಎಂಟು ತಂತಿಗಳಲ್ಲಿ ಅಕ್ಷರಗಳನ್ನು ಸಾಲಾಗಿ ಕಳಿಸುತ್ತಿದ್ದರು. ಇನ್ನೊಂದು ದಾರಿಯೆಂದರೆ, ಒಂದೇ ತಂತಿಯಲ್ಲಿ ಲಘು ಗುರುಗಳನ್ನು ಒಂದರ ಹಿಂದೊಂದು ಕಳಿಸುವುದು, ನಾವು ಪದ್ಯ ಓದುವ ಹಾಗೆ. ಓದುವವನಿಗೂ ಕೇಳುವವನಿಗೂ ಲಯ ಒಂದೇ ಆಗಿದ್ದರೆ ಸಾಕು, ಅರ್ಥ ಕೆಡುವುದಿಲ್ಲ. ನಿಮ್ಮ ಮನೆಯ ಫೋನಿಗೆ ಚಾರ್ಜು ಮಾಡುವ ಯು.ಎಸ್.ಬಿ. ತಂತಿ ೧೯೯೬ ರಲ್ಲಿ ಬಳಕೆಗೆ ಬಂದ ಈ ಎರಡನೆಯ ಪದ್ಧತಿಯದು.

ಭಾಷೆಯಾಯಿತು. ಇನ್ನು ಬಲದ ಮಾತು. ಶಾಲೆಯ ಹುಡುಗರು ಈಗ ಅಂಗೈಯಲ್ಲಿ ಹಿಡಿಸುವ ಗಣಕದ ಹಲಗೆಯನ್ನಿಟ್ಟುಕೊಂಡು ಆಟವಾಡುತ್ತಾರೆ. ಆರ್ಡುಯಿನೊ ಎಂಬುದು ಅಂಥದೊಂದು. ೨೦೦೫ ರಲ್ಲಿ ಇಟಲಿಯ ಇವ್ರೆಯಾ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ್ದು. ಅದರ ಒಂದು ಮೊಳೆಯಿಂದ ಹೊರಡುವ ವಿದ್ಯುತ್ತು ಐದು ವೋಲ್ಟ್, ಸುಮಾರು ಇಪ್ಪತ್ತು ಮಿಲಿ ಆಂಪಿಯರ್. ಒಂದು ಕಿರುದೀಪ ಬೆಳಗುವುದಕ್ಕೆ ಅದು ಸಾಕು. ಹೊಲದ ಐದು ಅಶ್ವಶಕ್ತಿಯ ಪಂಪಿಗೆ ನಾನೂರಕ್ಕೆ ಮೀರಿದ ವೋಲ್ಟು, ಏಳೆಂಟು ಆಂಪಿಯರ್ ಬೇಕು. ಇರುವೆಯು ಎತ್ತಿಗೆ ನೊಗ ಹೂಡುವುದು ಹೇಗೆ?

ಇದಕ್ಕೆ ಉತ್ತರ ಗಣಕಕ್ಕಿಂತ ಬಹಳ ಹಳೆಯದು. ಅಮೆರಿಕದ ಜೋಸೆಫ್ ಹೆನ್ರಿ ಎಂಬ ಪಂಡಿತ ೧೮೩೫ ರ ಸುಮಾರಿಗೆ ಒಂದು ಯುಕ್ತಿ ತೋರಿಸಿದ. ಸುರುಳಿ ಸುತ್ತಿದ ತಂತಿಯಲ್ಲಿ ಸ್ವಲ್ಪ ವಿದ್ಯುತ್ತು ಹರಿದರೆ ಒಳಗಿನ ಕಬ್ಬಿಣ ಅಯಸ್ಕಾಂತವಾಗುತ್ತದೆ. ಅದು ಒಂದು ಸಣ್ಣ ಪಟ್ಟಿಯನ್ನು ತನ್ನೆಡೆಗೆ ಎಳೆಯುತ್ತದೆ. ಆ ಪಟ್ಟಿ ಇನ್ನೊಂದು ದೊಡ್ಡ ಮಂಡಲದ ಬಾಯಿಯನ್ನು ಕೂಡಿಸುತ್ತದೆ. ಇದರ ಹೆಸರು ರಿಲೇ. ಬಳಲಿದ ಕುದುರೆಯನ್ನು ಬಿಟ್ಟು ಹೊಸ ಕುದುರೆ ಹೂಡುವ ಅಂಚೆಯ ಪದ್ಧತಿಯಿಂದ ಬಂದ ಹೆಸರು ಅದು. ಗಣಕದ ಮೊಳೆ ಒಂದು ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ. ಟ್ರಾನ್ಸಿಸ್ಟರು ರಿಲೇಯನ್ನು, ರಿಲೇ ಸ್ಟಾರ್ಟರಿನ ದೊಡ್ಡ ಸುರುಳಿಯನ್ನು, ಸ್ಟಾರ್ಟರು ಮೋಟಾರನ್ನು ಎಬ್ಬಿಸುತ್ತದೆ. ಬಲ ಕೊಡುವುದು ಗಣಕವಲ್ಲ, ಕಂಬದ ಮೇಲಿನ ವಿದ್ಯುತ್ತೇ. ಗಣಕ ಕೊಡುವುದು ಸನ್ನೆ ಮಾತ್ರ. ನೆಲದೊಳಗಿನ ಗಣಿಯಿಂದ ಗಂಟೆ ಹೊಡೆದು ಮೇಲಿನ ತೊಟ್ಟಿಲೆಳೆಯುವ ಯಂತ್ರದವನಿಗೆ ಸನ್ನೆ ಮಾಡುವುದನ್ನು ನಮ್ಮ ಹಟ್ಟಿಯ ಕಡೆಯವರು ಬಲ್ಲರು. ಗಂಟೆ ತೊಟ್ಟಿಲನ್ನು ಎಳೆಯುವುದಿಲ್ಲ. ಆದರೆ ಗಂಟೆಯಿಲ್ಲದೆ ತೊಟ್ಟಿಲು ಕದಲುವುದೂ ಇಲ್ಲ.

ಇನ್ನು ಜ್ಞಾನೇಂದ್ರಿಯ. ಕಾಲುವೆಯ ನೀರು ಎಷ್ಟು ಎತ್ತರ ನಿಂತಿದೆಯೆಂದು ಗಣಕಕ್ಕೆ ತಿಳಿಯಬೇಕು. ಇದಕ್ಕೆ ಒಂದು ಬಗೆ ಹೀಗೆ. ನೀರಿನ ಮೇಲೆ ಒಂದು ಗೂಡನ್ನು ಕಟ್ಟಿ, ಅಲ್ಲಿಂದ ನಮ್ಮ ಕಿವಿಗೆ ಕೇಳಿಸದಷ್ಟು ಕೀರಲಾದ ಒಂದು ಧ್ವನಿಯನ್ನು ಕೆಳಕ್ಕೆ ಬಿಡುತ್ತಾರೆ. ಧ್ವನಿ ನೀರಿಗೆ ತಾಗಿ ಮರಳುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರ್. ನೀರು ಒಂದು ಮೀಟರ್ ಕೆಳಗಿದ್ದರೆ ಹೋಗಿ ಬರುವುದಕ್ಕೆ ಸೆಕೆಂಡಿನ ಸಾವಿರದಲ್ಲಿ ಆರು ಪಾಲು ಹಿಡಿಯುತ್ತದೆ. ಬಾವಿಯಲ್ಲಿ ಕಲ್ಲು ಹಾಕಿ ಸದ್ದು ಕೇಳಿ ಆಳ ಹೇಳುತ್ತಿದ್ದ ನಮ್ಮ ಅಜ್ಜಂದಿರ ವಿದ್ಯೆಯೇ ಇದು. ಕಿವಿ ಮಾತ್ರ ಚುರುಕಾಗಿದೆ.

ಹೀಗೆ ಅಳೆದ ಸುದ್ದಿಯನ್ನು ದೂರಕ್ಕೆ ಕಳಿಸುವಲ್ಲಿ ಕಾರ್ಖಾನೆಗಳವರು ಒಂದು ಒಳ್ಳೆಯ ಕಟ್ಟಳೆ ಮಾಡಿಕೊಂಡಿದ್ದಾರೆ. ಅಳತೆ ಪೂರ್ಣವಾಗಿದ್ದರೆ ತಂತಿಯಲ್ಲಿ ೨೦ ಮಿಲಿ ಆಂಪಿಯರ್ ಹರಿಯಬೇಕು. ಅಳತೆ ಸೊನ್ನೆಯಾಗಿದ್ದರೆ ಏನೂ ಹರಿಯಬಾರದು ಎಂದು ನೀವು ಊಹಿಸಬಹುದು. ಹಾಗಲ್ಲ, ಆಗ ೪ ಹರಿಯಬೇಕು. ಏಕೆ? ಏನೂ ಹರಿಯದಿದ್ದರೆ ಅದರ ಅರ್ಥ ನೀರಿಲ್ಲವೆಂದಲ್ಲ, ತಂತಿ ಕಡಿದಿದೆಯೆಂದು. ಬಡವನ "ಇಲ್ಲ" ಎಂಬ ಮಾತು ಬೇರೆ, ಮೂಗನ ಮೌನ ಬೇರೆ. ಎರಡನ್ನೂ ಒಂದೇ ಎಂದು ಬರೆದುಕೊಳ್ಳುವ ಲೆಕ್ಕಿಗ ಒಳ್ಳೆಯ ಲೆಕ್ಕಿಗನಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಣ್ಣು ಬಂತು, ಕೈ ಬಂತು. ಇನ್ನೇನು ಉಳಿಯಿತು? ಎಲ್ಲಕ್ಕಿಂತ ಮುಖ್ಯವಾದುದೇ ಉಳಿಯಿತು. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಷ್ಟದಿಂದ.

ಮಸ್ಕಿಯ ಕಡೆ ನನಗೊಂದು ಸಣ್ಣ ಹೊಲವುಂಟು. ಕೊಳವೆಬಾವಿಯ ನೀರು. ಫೋನು ಮಾಡಿದರೆ ಮೋಟಾರು ಚಾಲೂ ಆಗುವ ಸ್ಟಾರ್ಟರುಗಳು ಈಗ ಹಳ್ಳಿಹಳ್ಳಿಯಲ್ಲಿವೆ. ನಾನೂ ಒಂದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಹಾಕಿಸಿದೆ. ಎರಡು ವರ್ಷದ ಹಿಂದೆ ಮೆಣಸಿನ ಸಸಿ ನಾಟಿ ಮಾಡಿಸಿ, ನಾಲ್ಕು ದಿನದ ತರಬೇತಿಗೆಂದು ಲಿಂಗಸುಗೂರಿಗೆ ಹೋದೆ. "ಒಬ್ಬ ಆಳನ್ನಾದರೂ ಕಳಿಸಿ ನೋಡಿಸಿರಿ" ಎಂದು ಮನೆಯಲ್ಲಿ ಹೇಳಿದರು. "ಯಂತ್ರವೇ ಉತ್ತರ ಕೊಡುತ್ತದೆ, ಆಳು ಏಕೆ?" ಎಂದೆ. ದಿನವೂ ಬೆಳಿಗ್ಗೆ ಅಲ್ಲಿಂದ ಫೋನು ಒತ್ತಿದೆ. ದಿನವೂ ಉತ್ತರ ಬಂತು: "ಮೋಟಾರು ಚಾಲೂ ಆಗಿದೆ." ಐದನೆಯ ದಿನ ಹೋಗಿ ನೋಡಿದರೆ ಮಡಿಯಲ್ಲಿ ತೇವವಿಲ್ಲ. ಸಸಿಗಳು ಬಾಡಿ ನೆಲಕ್ಕೆ ಒರಗಿದ್ದವು. ಸ್ಟಾರ್ಟರಿನಿಂದ ಬಾವಿಗೆ ಹೋಗುವ ಕೇಬಲ್ಲಿನ ಒಂದು ಜೋಡಣೆ ಸುಟ್ಟುಹೋಗಿತ್ತು.

ಯಂತ್ರ ಸುಳ್ಳು ಹೇಳಿತೇ? ವಿಚಾರ ಮಾಡಿದರೆ ಹಾಗಲ್ಲ. ಅದು ತನ್ನ ರಿಲೇಗೆ ಸನ್ನೆ ಮಾಡಿತ್ತು; ರಿಲೇ ಎದ್ದಿತ್ತು; ಅಷ್ಟು ಅದಕ್ಕೆ ಗೊತ್ತು. ಆದರೆ ಹೇಳಿದ್ದು ಅದಕ್ಕಿಂತ ಹೆಚ್ಚು. ವ್ಯಾಕರಣದಲ್ಲಿ ಹೇಳುವುದಾದರೆ, "ಆಗಲಿ" ಎಂಬ ವಿಧ್ಯರ್ಥವನ್ನು "ಆಯಿತು" ಎಂಬ ಭೂತಕಾಲದಲ್ಲಿ ಬರೆದು ಕಳಿಸಿತು. ಮೂವತ್ತು ವರ್ಷ ಕ್ರಿಯಾಪದ ಕಲಿಸಿದ ನಾನೇ ಅದನ್ನು ಹಿಡಿಯಲಿಲ್ಲ. ಆಮೇಲೆ ಮೆಕ್ಯಾನಿಕರು ಬಂದು ಮೋಟಾರಿನ ತಂತಿಯ ಸುತ್ತ ಒಂದು ಸುರುಳಿ ಇಟ್ಟರು. ತಂತಿಯಲ್ಲಿ ವಿದ್ಯುತ್ತು ಹರಿದರೆ ಮಾತ್ರ ಅದು ಹೌದೆನ್ನುತ್ತದೆ. ಇಷ್ಟೂ ಸಾಲದು, ಬಾವಿ ಬತ್ತಿದರೂ ಮೋಟಾರು ತಿರುಗೀತು ಎಂದು ಕೊಳವೆಯ ಬಾಯಿಯಲ್ಲಿ ನೀರು ತಳ್ಳಿದರೆ ತಿರುಗುವ ಒಂದು ಸಣ್ಣ ರೆಕ್ಕೆಯನ್ನೂ ಹಾಕಿಸಿದೆ. ಈಗ ಉತ್ತರ ಸ್ಟಾರ್ಟರಿನದಲ್ಲ, ನೀರಿನದು.

ಹೀಗೆ ಕೆಲಸ ನಡೆದ ಜಾಗದಿಂದಲೇ ಅಪ್ಪಣೆ ಕೊಟ್ಟವನಿಗೆ ಮರಳಿ ಬರುವ ಸುದ್ದಿಗೆ ಏನೆಂದು ಹೆಸರಿಡೋಣ? ನನಗೆ ಒಂದು ಹಳೆಯ ಮಾತು ನೆನಪಾಗುತ್ತದೆ. ನಮ್ಮ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವಿರುವುದು ನಿಮಗೆ ತಿಳಿದೇ ಇದೆ. ೧೯೧೫ ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅದನ್ನು ಕಂಡರು. 'ದೇವಾನಾಂಪ್ರಿಯ'ನೆಂಬವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಬಂಡೆ ಅದು. ಪಾಟಲೀಪುತ್ರದಲ್ಲಿ ಹುಟ್ಟಿದ ಅಪ್ಪಣೆ ಇಷ್ಟು ದೂರದ ಬಂಡೆಯ ಮೇಲೆ ನಿಂತಿತು. ಆದರೆ ಅದು ಪಾಲನೆಯಾಯಿತೋ ಇಲ್ಲವೋ ಎಂದು ಅರಸನಿಗೆ ತಿಳಿಯುವುದು ಹೇಗೆ? ಆ ಚಿಂತೆ ಅವನಿಗೂ ಇತ್ತು. ಅವನ ಬಂಡೆಶಾಸನಗಳಲ್ಲಿ ಆರನೆಯದು ಇದೇ ವಿಷಯದ್ದು. ಪ್ರಜೆಗಳ ಸುದ್ದಿ ತರುವ 'ಪ್ರತಿವೇದಕ'ರು, ತಾನು ಊಟಕ್ಕೆ ಕುಳಿತಿದ್ದರೂ ಅಂತಃಪುರದಲ್ಲಿದ್ದರೂ, ಯಾವ ಹೊತ್ತಿನಲ್ಲಾದರೂ ಬಂದು ತಿಳಿಸಬಹುದೆಂದು ಅವನು ಅಲ್ಲಿ ಸಾರಿದ್ದಾನೆ. ಆದುದರಿಂದ ಈ ಮರುಸುದ್ದಿಗೆ 'ಪ್ರತಿವೇದನೆ' ಎಂದೇ ಕರೆಯೋಣ.

ಗಣಕದಲ್ಲಿಯೂ ಪ್ರತಿವೇದನೆಗೆ ಎರಡು ಮಾರ್ಗಗಳಿವೆ. ಗಣಕವೇ ಸರದಿಯಂತೆ ಪ್ರತಿಯೊಂದು ಉಪಕರಣವನ್ನೂ "ಏನು ಸಮಾಚಾರ?" ಎಂದು ಕೇಳುತ್ತ ಹೋಗುವುದು ಒಂದು, ತರಗತಿಯಲ್ಲಿ ನಾವು ಹಾಜರಿ ಕೂಗುವ ಹಾಗೆ. ಉಪಕರಣವೇ ನಡುವೆ ಗಂಟೆ ಬಾರಿಸಿ, ಗಣಕ ಕೈಯಲ್ಲಿದ್ದ ಕೆಲಸ ಬಿಟ್ಟು ತನ್ನ ಮಾತು ಕೇಳುವಂತೆ ಮಾಡುವುದು ಇನ್ನೊಂದು. ಅಶೋಕನ ಪ್ರತಿವೇದಕರದು ಈ ಎರಡನೆಯ ಮಾರ್ಗ. ತುರ್ತಿನ ವಿಷಯಕ್ಕೆ ಇದೇ ತಕ್ಕದ್ದು.

ಇನ್ನು ನಮ್ಮ ಕಾಲುವೆಗಳಿಗೆ ಬರೋಣ. ಬಸ್ಸಿನ ಹಿರಿಯರು ಹೇಳಿದ ಮಾತು ನಿಜ. ಲಿಂಗಸುಗೂರು ಸೀಮೆಯ ಅಂಚಿನಲ್ಲಿರುವ ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆಯನ್ನು ನವೀಕರಿಸಿ, ೨೦೨೩ ರ ಜನವರಿ ೧೯ ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಸುಮಾರು ೪,೭೦೦ ಕೋಟಿ ರೂಪಾಯಿಗಳ ಕೆಲಸ. ಹತ್ತು ಸಾವಿರ ಕ್ಯೂಸೆಕ್ಸ್ ಒಯ್ಯುವ ಕಾಲುವೆ. ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಆ ಕಾಲುವೆಯಲ್ಲಿ ಸ್ಕಾಡಾ ಎಂಬ ಗಣಕ ವ್ಯವಸ್ಥೆಯನ್ನು ಅಳವಡಿಸಿದ್ದಾರೆ. ಸ್ಕಾಡಾ ಎಂದರೆ ದೂರದಿಂದ ಮೇಲ್ವಿಚಾರಣೆ ಮಾಡುವುದು, ಅಂಕಿ ಸಂಗ್ರಹಿಸುವುದು, ಅಪ್ಪಣೆ ಕೊಡುವುದು, ಈ ಮೂರೂ ಸೇರಿದ ಏರ್ಪಾಡು. ಒಂದು ಕೋಣೆಯಲ್ಲಿ ಕುಳಿತು ಮೈಲಿಗಟ್ಟಲೆ ದೂರದ ಗೇಟನ್ನು ನೋಡಬಹುದು, ಕದಲಿಸಬಹುದು. ನಾವು ಈವರೆಗೆ ಹೇಳಿದ ಕಣ್ಣು, ಕೈ, ಸನ್ನೆಗಳೇ ಅಲ್ಲಿಯೂ ಇರುವುದು.

ನೀರಿನ ಕೆಲಸದಲ್ಲಿ ಗಣಕಕ್ಕೆ ಒಂದು ವಿಶೇಷವಾದ ತಾಳ್ಮೆ ಬೇಕು. ದೀಪದ ಗುಂಡಿ ಒತ್ತಿದರೆ ಬೆಳಕು ತಕ್ಷಣ. ಕಾಲುವೆಯಲ್ಲಿ ಮೇಲೆ ಗೇಟು ಎತ್ತಿದರೆ ಕೆಳಗೆ ನೀರು ಏರಲು ಗಂಟೆಗಳು ಬೇಕು, ಕೆಲವೊಮ್ಮೆ ದಿನಗಳೇ ಬೇಕು. ಅಪ್ಪಣೆ ಕೊಟ್ಟ ಕೂಡಲೇ ಕೆಳಗೆ ನೋಡಿ "ಇನ್ನೂ ಬಂದಿಲ್ಲ" ಎಂದು ಗಣಕ ಮತ್ತಷ್ಟು ಎತ್ತಿದರೆ, ಆಮೇಲೆ ನೀರೆಲ್ಲ ಒಟ್ಟಿಗೆ ಬಂದು ದಂಡೆ ಮೀರುತ್ತದೆ. ಬೆದರಿ ಪೂರ್ತಿ ಇಳಿಸಿದರೆ ಮುಂದೆ ಬರ. ಹೊಸ ಸೊಸೆ ಪಾಯಸಕ್ಕೆ ಬೆಲ್ಲ ಹಾಕಿ, ಕರಗುವ ಮೊದಲೇ ರುಚಿ ನೋಡಿ, ಮತ್ತೆ ಮತ್ತೆ ಹಾಕಿದ ಹಾಗೆ. ನೀರು ಬರುವ ಹೊತ್ತನ್ನು ಲೆಕ್ಕ ಹಾಕಿ ಕಾಯುವುದನ್ನು ಗಣಕಕ್ಕೆ ಕಲಿಸಬೇಕು. ಕಲಿಸುವವರಿಗೆ ಆ ಕಾಲುವೆಯ ಗುಣ ಗೊತ್ತಿರಬೇಕು. ಅದನ್ನು ಬಲ್ಲವರು ಇಷ್ಟು ಕಾಲ ಚಕ್ರ ತಿರುಗಿಸುತ್ತಿದ್ದ ಗ್ಯಾಂಗ್‌ಮನ್ನರು. ಅವರನ್ನು ಕೇಳದೆ ಬರೆದ ಲೆಕ್ಕ ಕಾಗದದ ಮೇಲೆ ಮಾತ್ರ ಸರಿಬರುತ್ತದೆ.

ನಮ್ಮ ಸಿಂಧನೂರಿಗೆ ಜೀವ ಕೊಟ್ಟದ್ದು ಮತ್ತೊಂದು ಕಾಲುವೆ, ತುಂಗಭದ್ರೆಯ ಎಡದಂಡೆ. ಮುನಿರಾಬಾದಿನಿಂದ ಹೊರಟು ೨೨೭ ಕಿಲೋಮೀಟರ್ ಹರಿಯುತ್ತದೆ. ನಡುವಿನಲ್ಲಿರುವ ನಮ್ಮ ಗದ್ದೆಗಳು ಹಸಿರಾಗಿವೆ. ಆದರೆ ೧೦೪ನೇ ಮೈಲಿನ ಗೇಜು ಎಂದರೆ ಮಾನ್ವಿ, ಸಿರವಾರ, ರಾಯಚೂರಿನ ರೈತರ ಎದೆ ಏಕೆ ಬಡಿದುಕೊಳ್ಳುತ್ತದೆಂಬುದು ನಿಮಗೆಲ್ಲ ಗೊತ್ತು. ಅಲ್ಲಿ ಎಷ್ಟು ಅಡಿ ನೀರು ನಿಲ್ಲುತ್ತದೆಂಬುದರ ಮೇಲೆ ಕೊನೆಯ ಭಾಗದವರ ವರ್ಷದ ಅನ್ನ ನಿಂತಿದೆ. ಮೇಲೆ "ಇಷ್ಟು ಕ್ಯೂಸೆಕ್ಸ್ ಬಿಟ್ಟಿದ್ದೇವೆ" ಎಂಬುದು ನನ್ನ ಸ್ಟಾರ್ಟರು ಹೇಳಿದ "ಚಾಲೂ ಆಗಿದೆ" ಎಂಬ ಮಾತಿನ ಜಾತಿಯದು. ಕೊನೆಯ ತೂಬಿನಲ್ಲಿ ಎಷ್ಟು ಬಂತೆಂಬುದು ಪ್ರತಿವೇದನೆ. ನಡುವಿನವರಾದ ನಾವು ಈ ಮಾತನ್ನು ಸ್ವಲ್ಪ ತಲೆ ತಗ್ಗಿಸಿಯೇ ಹೇಳಬೇಕು. ಗಣಕವು ಕಾಲುವೆಗೆ ಬಂದಲ್ಲಿ ಅದರ ಕಣ್ಣನ್ನು ಮೊದಲು ಇಡಬೇಕಾದುದು ಕೊನೆಯ ತೂಬಿನಲ್ಲಿ, ಆಮೇಲೆ ತಲೆಯ ಗೇಟಿನಲ್ಲಿ. ಮತ್ತು ಆ ಕೊನೆಯಿಂದ ಸುದ್ದಿಯೇ ಬಾರದಿದ್ದರೆ, ಅದನ್ನು "ದೂರಿಲ್ಲ" ಎಂದು ಬರೆದುಕೊಳ್ಳಬಾರದು. ತಂತಿ ಕಡಿದಿದೆಯೇ ಎಂದು ಯಾರಾದರೂ ಎದ್ದು ಹೋಗಿ ನೋಡಬೇಕು.

ಕೊನೆಗೆ ಇನ್ನೊಂದು ಮಾತು. ೨೦೨೪ ರ ಆಗಸ್ಟ್ ೧೦ ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದು ಕೊಚ್ಚಿಹೋಯಿತು. ಅದನ್ನು ಹಿಡಿದಿದ್ದ ಸರಪಳಿ ಕಡಿದದ್ದೇ ಕಾರಣ. ೧೯೫೩ ರಲ್ಲಿ ನೀರು ಕಂಡ ಅಣೆಕಟ್ಟು ಅದು. ಸುಮಾರು ೩೫ ಸಾವಿರ ಕ್ಯೂಸೆಕ್ಸ್ ನೀರು ಆ ಒಂದೇ ಬಾಗಿಲಿನಿಂದ ಹರಿದುಹೋಗುತ್ತಿತ್ತು. ಒಂದು ವಾರದ ಮೇಲೆ, ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯಿ ಮುಚ್ಚಿದರು. ಆ ವಾರ ಸಿಂಧನೂರಿನಲ್ಲಿ ನಿದ್ದೆ ಮಾಡಿದ ಮನೆ ಕಡಿಮೆ. ಗಣಕ ಎಷ್ಟೇ ಜಾಣವಾಗಿರಲಿ, ಅದರ ಅಪ್ಪಣೆ ಕೊನೆಗೆ ನಿಲ್ಲುವುದು ಇಂಥ ಒಂದು ಸರಪಳಿಯ ಕೊಂಡಿಯ ಮೇಲೆ. ಕೊಂಡಿಗೆ ಎಣ್ಣೆ ಹಾಕುವುದು, ಸವೆದದ್ದನ್ನು ಬದಲಾಯಿಸುವುದು ಗಣಕದ ಕೆಲಸವಲ್ಲ. ಕೊಂಡಿಯ ಮೇಲಿನ ಭಾರವನ್ನು ಅಳೆದು ಗಂಟೆ ಬಾರಿಸುವ ಕಣ್ಣನ್ನು ಅಲ್ಲಿ ಕೂಡಿಸಬಹುದು. ಆ ಗಂಟೆ ಕೇಳಿ ಏಳುವ ಮನುಷ್ಯ ಮಾತ್ರ ಬೇಕೇ ಬೇಕು.

ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ೧೯೪೮ ರಲ್ಲಿ ಈ ಶಾಸ್ತ್ರಕ್ಕೆ ಸೈಬರ್ನೆಟಿಕ್ಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ. ನಮ್ಮಲ್ಲಿ ಅವನಿಗೆ ಕರ್ಣಧಾರನೆಂದು ಹೆಸರು. ಕೈ ಚುಕ್ಕಾಣಿಯ ಮೇಲೆ, ಕಣ್ಣು ನೀರಿನ ಮೇಲೆ. ಎರಡರಲ್ಲಿ ಒಂದು ತಪ್ಪಿದರೂ ಹಡಗು ಬಂಡೆಗೆ.

ಬಸ್ಸಿನಲ್ಲಿ ಸಿಕ್ಕ ಹಿರಿಯರು ಇದನ್ನು ಕೇಳುತ್ತಿದ್ದರೆ, ಅವರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಲೆಕ್ಕ ಮಾಡುವುದಕ್ಕೆ ಕೈಯನ್ನು ಕೊಟ್ಟವರು ನಾವೇ. ಕೊಟ್ಟ ಮೇಲೆ ಆ ಕೈ ಏನು ಮಾಡಿತೆಂದು ಹೊಲಕ್ಕೆ ಹೋಗಿ ನೋಡುವುದೂ ನಮ್ಮ ಪಾಲಿನದೇ. ನನ್ನ ಮೆಣಸಿನ ಮಡಿಗೆ ಈಗ ಯಂತ್ರವೂ ಇದೆ, ರೆಕ್ಕೆಯೂ ಇದೆ. ಆದರೂ ಭಾನುವಾರ ನಾನೇ ಒಮ್ಮೆ ಹೋಗಿ ಮಣ್ಣು ಮುಟ್ಟಿ ಬರುತ್ತೇನೆ.